ಜೀವಂತ ಏಡಿಯ ತೂಕ

ಹತ್ತೊಂಬತ್ತು ವರ್ಷ ಮೀನಂಗಡಿಯಲ್ಲಿ ನಿಂತವಳು ನಾನು.
ಸತ್ತದ್ದರ ತೂಕ ಕಣ್ಣಲ್ಲೇ ಹೇಳಬಲ್ಲೆ:
ಈ ಕಾಡ್ ಒಂದೂಕಾಲು ಕಿಲೋ, ಈ ಬಂಗುಡೆ ನಾನೂರು ಗ್ರಾಂ.
ಜೀವಂತ ಏಡಿ ಮಾತ್ರ ಬೇರೆ.
ತಟ್ಟೆಯಲ್ಲಿಟ್ಟರೆ ಅಂಚು ಹತ್ತುತ್ತದೆ,
ಮುಳ್ಳು ಅತ್ತಿತ್ತ ಓಲಾಡುತ್ತದೆ,
ಗಿರಾಕಿಗೆ ನನ್ನ ಮೇಲೇ ಗುಮಾನಿ.

ನಿನ್ನೆ ರಾತ್ರಿ ಸೋರ್ಖಾ
ಅಡುಗೆಮನೆಯ ಮೇಜಿನ ಮೇಲೆ ಎರಡು ಕಾಗದ ಹರಡಿ ಕೂತಿದ್ದಳು.
ಬಲಕ್ಕೆ ಗಾಜಿನ ಕಂಪನಿ,
ಲಿಫಿ ನದಿ ಕಡಲಿಗೆ ಬೀಳುವ ಕಡೆ, ಹಳೆಯ ಹಡಗುಕಟ್ಟೆಯ ಮೇಲೆ.
ಮೂರು ಹೊತ್ತು ಊಟ, ಷೇರು,
ಬಟ್ಟೆ ಕೂಡ ಒಗೆಸಿಕೊಡುತ್ತಾರಂತೆ.
ಎಡಕ್ಕೆ ಸಲಹೆ ಮಾರುವವರು.
ಸೋಮವಾರ ನಸುಕಿಗೆ ವಿಮಾನ, ಗುರುವಾರ ರಾತ್ರಿ ವಾಪಸು,
ನಡುವೆ ಲೀಡ್ಸೋ ಫ್ರಾಂಕ್‌ಫರ್ಟೋ, ಯಾರದೋ ಸಿಮೆಂಟು ಕಾರ್ಖಾನೆ.
'ಸಲಹೆ ಅಂದರೆ?' ಕೇಳಿದೆ.
'ನಿಮ್ಮ ಮೀನು ನಾರುತ್ತಿದೆ ಅಂತ
ನಲವತ್ತು ಪುಟ ಬರೆದುಕೊಡುವುದು' ಅಂದಳು, ನಗದೆ.
ಪುಕ್ಕಟೆ ಹೇಳುತ್ತಿದ್ದೆನಲ್ಲ ಇಷ್ಟು ವರ್ಷ.

ಅವಳ ಕೋಣೆಗೆ ಸಾವಿರದ ನೂರು ಯೂರೋ.
ಕಪಾಟು ತೆರೆಯಬೇಕಾದರೆ ಮಂಚ ಹತ್ತಬೇಕು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ,
ಡಬ್ಲಿನ್ನಿನಲ್ಲಿ ಮಡಚಿದ ಕಾಲಿಗೂ ಬಾಡಿಗೆ.
ಪಡಸಾಲೆಯಲ್ಲಿ ಪರದೆ ಕಟ್ಟಿಕೊಂಡು ಜುರಾಂಡಿರ್ ಮಲಗುತ್ತಾನೆ,
ಬ್ರೆಜಿಲಿನವನು, ಸೈಕಲ್ಲಿನಲ್ಲಿ ಊರಿಗೆಲ್ಲ ಊಟ ಹಂಚಿ
ಮೊಟ್ಟೆ ಬೇಯಿಸಿಕೊಂಡು ತಿನ್ನುವವನು.
ಆ ಪರದೆಗೂ ಆರುನೂರು.

ಸೋರ್ಖಾ ಕೂಡಿದಳು, ಕಳೆದಳು.
ಗಾಜಿನವರು ಹೆಚ್ಚು ಕೊಡುತ್ತಾರೆ,
ಆದರೆ ಕಳೆದ ಚಳಿಗಾಲದ ಒಂದು ಬೆಳಿಗ್ಗೆ
ಅವರ ಬಾಗಿಲು ಡೆಕ್ಲನ್ನನ ಕಾರ್ಡನ್ನು ಗುರುತಿಸಲೇ ಇಲ್ಲ;
ಅವನ ಗಿಡದ ಕುಂಡವನ್ನು ಆಮೇಲೆ ಅಂಚೆಯಲ್ಲಿ ಕಳಿಸಿದರು.
ಸಲಹೆಯವರು ಕಡಿಮೆ ಕೊಡುತ್ತಾರೆ,
ಆದರೆ ನಾಲ್ಕು ರಾತ್ರಿಯ ಹೋಟೆಲು ಅವರದು, ಊಟ ಅವರದು,
ಮೂರೇ ರಾತ್ರಿಗೆ ಇಲ್ಲೇಕೆ ಪೂರ್ತಿ ಬಾಡಿಗೆ?
ಮಂಚವನ್ನೇ ಹಂಚಿದರೆ?
ಅಷ್ಟರಲ್ಲಿ ಒದ್ದೆ ಹೆಲ್ಮೆಟ್ಟು ಕೈಯಲ್ಲಿ ಹಿಡಿದು
ಜುರಾಂಡಿರ್ ಬಾಗಿಲಲ್ಲಿ ನಿಂತಿದ್ದ.
ಏನೂ ಕೇಳಲಿಲ್ಲ.
ತೆರೆದ ಕೋಣೆಯ ಕಡೆ ಒಮ್ಮೆ ನೋಡಿದ,
ತನ್ನ ಉದ್ದವನ್ನು ಅಲ್ಲಿ ಅಳೆದವನ ಹಾಗೆ.
ಆಮೇಲೆ ಮೂರು ಮೊಟ್ಟೆ ಇಟ್ಟ, ಎರಡರ ಬದಲು.

'ನೀನು ಕಣ್ಣಲ್ಲೇ ಹೇಳುತ್ತೀಯಲ್ಲ, ಹೇಳು' ಅಂದಳು ನನಗೆ.
ಸತ್ತಿದ್ದರೆ ಹೇಳುತ್ತಿದ್ದೆ.

ಕಾಗದದ ಮೂಲೆಯಲ್ಲಿ ಪೆನ್ಸಿಲಿನಿಂದ
ಸಣ್ಣದಾಗಿ ಬರೆದು, ಹೊಡೆದು, ಮತ್ತೆ ಬರೆದಿದ್ದಳು:
ಮಂಗಳವಾರ, ಆರೂವರೆ.
ಆ ಹೊತ್ತಿಗೆ ಅವಳು ಪಾರ್ಕಿನ ಕೆಸರಿನಲ್ಲಿರುತ್ತಾಳೆ,
ಹನ್ನೊಂದು ಹುಡುಗಿಯರಿಗೆ ಕಮೋಗಿ ಕಲಿಸುತ್ತ,
ಕೋಲು ಹಿಡಿಯುವುದು ಹೇಗೆ, ಬಿದ್ದರೆ ಹಲ್ಲು ಉಳಿಸಿಕೊಳ್ಳುವುದು ಹೇಗೆ.
ಅದಕ್ಕೆ ಸಂಬಳವಿಲ್ಲ, ಹಾಗಾಗಿ ಅಂಕಿಯೂ ಇಲ್ಲ,
ಕೂಡುವ ಸಾಲಿನಲ್ಲೂ ಕಳೆಯುವ ಸಾಲಿನಲ್ಲೂ
ಇಡಲು ಬಾರದೆ ಮೂಲೆಗೆ ಬಂದು ಕೂತಿತ್ತು.
ಗಾಜಿನವರ ಮಂಗಳವಾರವೋ?
ಆರೂವರೆಗೆ ಕ್ಯಾಲಿಫೋರ್ನಿಯಾ ಕಾಫಿ ಕುಡಿದು ಮಾತಿಗೆ ಕೂರುತ್ತದೆ.

ಏಡಿ ತೂಗಲು ನಮ್ಮಲ್ಲೊಂದು ಉಪಾಯವಿದೆ.
ಒದ್ದೆ ಬಟ್ಟೆ ಹೊದಿಸಬೇಕು.
ಕತ್ತಲಾಯಿತೆಂದು ಅದು ಕಾಲು ಮಡಚುತ್ತದೆ,
ಮುಳ್ಳು ನಿಲ್ಲುತ್ತದೆ.
ಬಟ್ಟೆಯ ತೂಕ ಕಳೆಯಲು ಮರೆಯಬಾರದು, ಅಷ್ಟೆ.

ಬೆಳಗಿನ ನಾಲ್ಕಕ್ಕೆ ಮಾರುಕಟ್ಟೆಗೆ ಹೊರಟಾಗ
ಮೇಜಿನ ಮೇಲೇ ತಲೆಯಿಟ್ಟು ಮಲಗಿದ್ದಳು,
ಬಲಗಾಗದ ಕೆನ್ನೆಯಡಿ, ಎಡಗಾಗದ ಮೊಣಕೈಯಡಿ,
ಸುಲಿಯದ ಮೊಟ್ಟೆ ತಣ್ಣಗೆ ಪಕ್ಕದಲ್ಲಿ.
ಮೀನು ನಾರುವ ನನ್ನ ಕೋಟು ಹೊದಿಸಿದೆ.
ಮಿಸುಕಲಿಲ್ಲ.

ಕೋಟಿಲ್ಲದೆ ಬೀದಿಗಿಳಿದ ಮೇಲೆ ಹೊಳೆಯಿತು:
ಬಾಡಿಗೆಯ ನನ್ನ ಪಾಲು ಅದರ ಜೇಬಿನಲ್ಲೇ ಇದೆ,
ಇವತ್ತು ಒಂದನೇ ತಾರೀಖು.