ಉಸಿರಿಗೆ ಒಂದೂವರೆ ಇಂಚು

ಅಳತೆ ಕೊಡುವಾಗ ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ,
ಮದುಮಗ, ವಕೀಲ, ಕಾರ್ಪೊರೇಟರು.
ಅವಳು ಎಳೆದುಕೊಳ್ಳಲಿಲ್ಲ.
ಟೇಪು ಸುತ್ತಿದೆ. ಉಸಿರು ತುಂಬಿದಳು.
ಬೆರಳ ಸಂದಿಯಲ್ಲಿ ಅಂಕಿಗಳು ಜಾರಿದವು
ಮೂವತ್ತೆರಡು, ಮೂವತ್ತಮೂರು, ಮೂವತ್ತಮೂರೂವರೆ.
'ಇಲ್ಲಿಗೆ ಗುರುತು ಹಾಕಿ ಮಾಸ್ಟ್ರೇ,
ಇಲ್ಲಿಂದಲೇ ನಾನು ಹಾಡೋದು.'

ಕಬ್ಬನ್‌ಪೇಟೆ. ಮೇಲೆ ಮಗ್ಗ ನಿಂತುಹೋದ ಮನೆ,
ಕೆಳಗೆ ನಾನು, ವಿಠಲರಾವ್ ಮಹೇಂದ್ರಕರ್,
ಮತ್ತು ಅಪ್ಪನ ಕಾಲದ ಸಿಂಗರ್ ಮಿಷನ್ನು.
ಅಲ್ಲಿಯವರೆಗೆ ಈ ಅಂಗಡಿಯಲ್ಲಿ
ಅದೊಂದೇ ಸಿಂಗರ್ರು.

ಕಮ್ಮನಹಳ್ಳಿಯ ಲೂರ್ದು ಮೇರಿ,
ಚರ್ಚಿನ ಗಾಯನವೃಂದದಲ್ಲಿ ಹನ್ನೊಂದು ವರ್ಷ ಎರಡನೆ ಸಾಲು.
ಈಗ ನಲವತ್ತು ದೇಶಗಳ ಎದುರು
ನಮ್ಮ ದೇಶ ಅವಳು. ಮೂರೇ ನಿಮಿಷ.
ಒಂದು ಸೆಕೆಂಡು ಹೆಚ್ಚಾದರೆ ದೇಶವೇ ಹೊರಗೆ.
ಅದಕ್ಕೇ ಎರಡನೆ ಚರಣ ಕತ್ತರಿಸಿದರಂತೆ.
ಕತ್ತರಿಯ ಸಂಗತಿ ನನಗೆ ಯಾರು ಹೇಳಬೇಕು?
ಬಟ್ಟೆಯ ಚೂರನ್ನು ನಾನು ಮೂಟೆ ಕಟ್ಟಿಡುತ್ತೇನೆ.
ಹಾಡಿನ ಚೂರು ಎಲ್ಲಿಡುತ್ತಾರೋ.

ದೆಹಲಿಯಿಂದ ಫೋನಿನ ಮೇಲೆ ಫೋನು:
ನವಿಲು ಬೇಕು, ಬೆನ್ನಿಗೆ ಆನೆ ಸಾಲು ಬೇಕು,
ಕಂಡ ಕೂಡಲೇ ಇಂಡಿಯಾ ಅನ್ನಬೇಕು.
ಆರು ಸಾವಿರ ಮಣಿ, ಒಂಬತ್ತು ರಾತ್ರಿ,
ಪೋಣಿಸಿದ್ದು ನನ್ನ ಹೆಂಡತಿ ಚಂಪಕ್ಕ, ಹಿಂದಿನ ಓಣಿಯ ಫರ್ಹಾನಾ.
ನನ್ನದೆಂದು ನಾನು ಮಾಡಿದ್ದು ಎರಡೇ.
ಬೆನ್ನ ಕೆಳಗೆ, ಮೈಕಿನ ಬ್ಯಾಟರಿಗೆ,
ಇಸ್ಪೀಟು ಕಟ್ಟಿನಷ್ಟು ಒಂದು ಜೇಬು;
ಪಕ್ಕೆಯಲ್ಲಿ, ಯಾರಿಗೂ ಕಾಣದ ಹಾಗೆ ಮಡಚಿ,
ಉಸಿರಿಗೆ ಒಂದೂವರೆ ಇಂಚು.

ರಾತ್ರಿ ಒಂದೂಮುಕ್ಕಾಲಿಗೆ ಟೀವಿ.
ಅಲ್ಲಿ ಊಟದ ಹೊತ್ತಂತೆ. ನಮ್ಮ ಬೀದಿಗೆ
ಹಾಲಿನ ವ್ಯಾನೂ ಬಂದಿರಲಿಲ್ಲ.
ಷಟರು ಮೊಣಕಾಲಿಗಿಳಿಸಿ, ಹನ್ನೆರಡು ಜನ, ಫ್ಲಾಸ್ಕಿನಲ್ಲಿ ಟೀ.
ಪರದೆಯ ಕೆಳಗೆ ಹೆಸರು ಬಂತು: ಲೂ.
'ಮಿಕ್ಕಿದ್ದು ಎಲ್ಲೋಯ್ತು?' ಅಂದಳು ಚಂಪಕ್ಕ.
'ಮೂರು ನಿಮಿಷದಲ್ಲಿ ಹಿಡಿಸಬೇಕಲ್ಲ' ಅಂದೆ.

ಹೊಗೆ, ದೀಪ, ನೆಲದಿಂದೆದ್ದ ಬೆಂಕಿ.
ಎಲ್ಲರೂ ಆನೆ ಹುಡುಕುತ್ತಿದ್ದರು.
ನಾನು ಪಕ್ಕೆಯನ್ನೇ ನೋಡುತ್ತಿದ್ದೆ.
ಪಲ್ಲವಿ ದಾಟಿ, ಕತ್ತರಿಸಿದ ಚರಣದ ತೇಪೆ ದಾಟಿ,
ಮೇಲಿನ ಷಡ್ಜಕ್ಕೆ ಮುನ್ನ ನಿಂತಳು,
ತುಂಬಿಕೊಂಡಳು,
ಮಡಿಕೆ ಬಿಚ್ಚಿತು.
ಹೂ ಬಿಚ್ಚಿದಂತೆ ಅನ್ನಲಾರೆ, ನಾನು ದರ್ಜಿ.
ಮಡಿಕೆ ಬಿಚ್ಚಿದಂತೆಯೇ ಬಿಚ್ಚಿತು, ಬೇಕಾದಷ್ಟು,
ಒಂದು ನೂಲೂ ಹೆಚ್ಚಿಲ್ಲ.

ಆಮೇಲೆ ಅಂಕ.
ಅಕ್ಕಪಕ್ಕದ ದೇಶಗಳು ಅಕ್ಕಪಕ್ಕಕ್ಕೆ ಕೊಟ್ಟುಕೊಂಡವು
ಮದುವೆಮನೆಯ ಮುಯ್ಯಿಯ ಹಾಗೆ.
ಅಲ್ಲಿ ನಾವು ಯಾರ ಮದುವೆಗೆ ಹೋಗಿದ್ದೆವು?
ಸೊನ್ನೆ. ಸೊನ್ನೆ. ಫರ್ಹಾನಾ
ಮಣಿ ಎಣಿಸುವಂತೆ ಎಣಿಸಿದಳು.
ಕೊನೆಗೆ ಗುಂಡುಸೂಜಿಯ ತಲೆಯಷ್ಟಿರುವ ದ್ವೀಪವೊಂದು
ಎರಡಂಕ ಕೊಟ್ಟಿತು.
ಷಟರಿನಡಿಯ ನಾಯಿ ಎದ್ದು ಓಡುವಷ್ಟು ಕೂಗಿದೆವು.
ನಲವತ್ತೊಂದರಲ್ಲಿ ಮೂವತ್ತೊಂಬತ್ತು.

ಪತ್ರಿಕೆ ಬರೆಯಿತು: ಉಡುಪು ಭಾರ, ಹಾಡು ಹಗುರ.
ಇಸ್ತ್ರಿ ಅಂಗಡಿಯವನು ಅದನ್ನು
ನನಗೆ ಕೇಳಿಸುವಂತೆ ಎರಡು ಸಲ ಓದಿದ.

ತಿಂಗಳಾದ ಮೇಲೆ ಬಂದಳು, ಸಿಟಿ ಬಸ್ಸಿನಲ್ಲಿ,
ಆರು ಸಾವಿರ ಮಣಿ ಅಕ್ಕಿಚೀಲದಲ್ಲಿ.
'ಆನೆ ಎಲ್ಲ ಬಿಚ್ಚಿಬಿಡಿ ಮಾಸ್ಟ್ರೇ.
ತಂಗಿ ಮಗೂದು ಜ್ಞಾನಸ್ನಾನ,
ಅಲ್ಲಿಗೆ ಹಾಕ್ಕೊಂಡು ಹೋಗೋ ಹಾಗಿರಲಿ.'
ಒಳಗು ಹೊರಗು ಮಾಡಿ ತಡವಿದೆ. ಜೇಬಿನಲ್ಲಿ
ಬ್ಯಾಟರಿಯ ಅಂಟುಪಟ್ಟಿ, ಅದರ ಹಿಂದೆ
ನಾಲ್ಕಾಗಿ ಮಡಚಿ ಬೆವರಿಗೆ ಮೆತ್ತಗಾದ ಕಾಗದ.
ಎರಡನೆ ಚರಣ.
ನಾನು ಓದಲಿಲ್ಲ. ಅವಳು ಇಸಿದುಕೊಂಡು
ರವಿಕೆಯೊಳಗೆ ಸಿಕ್ಕಿಸಿದಳು,
ಚಿಲ್ಲರೆ ಇಟ್ಟುಕೊಳ್ಳುವ ಹಾಗೆ.

'ಪಕ್ಕೆ ಹಿಡಿಸಲಾ?'
'ಇರಲಿ.'
'ಜೇಬು ತೆಗೀಲಾ? ಇನ್ನೇನು ಕೆಲಸ ಅದಕ್ಕೆ?'
'ಅದೂ ಇರಲಿ ಮಾಸ್ಟ್ರೇ,
ಬಸ್ ಪಾಸಿಗಾಗುತ್ತೆ.'