ಇದು ಬೆಲ್ ಅಲ್ಲ

ಜುಲೇಖಾ ಬಿಸ್ಮಿಲ್ಲಾ ಅಂದು ಗುಂಡಿ ಒತ್ತಿದಳು.
ನಾನು ಬೆಳಿಗ್ಗೆಯೇ ನೆತ್ತಿಗೊಂದು ಕುಂಕುಮ ಇಟ್ಟಿದ್ದೆ.
ಎರಡೂ ಕಡೆಯಿಂದ ಹೇಳಿಸಿಕೊಂಡರೂ ಅದು ಏಳಲಿಲ್ಲ.

ಹದಿನೆಂಟು ತಿಂಗಳ ಚೀಟಿ ದುಡ್ಡು
ಕಪ್ಪು ಡಬ್ಬಿಯಾಗಿ ಮೇಜಿನ ಮೇಲೆ,
ಉಪಚಾರ ಸಾಲದೆ ಮುನಿಸಿಕೊಂಡ ಬೀಗರ ಹಾಗೆ.

ಅರಸೀಕೆರೆ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿ ತಡ.
ಅದಕ್ಕೆ ವಿಷಾದಿಸುವ ಹೆಂಗಸಿನ ದನಿ
ನಮ್ಮ ಷಟರಿನವರೆಗೂ ಬಂತು.
ನಮಗಾಗಿ ವಿಷಾದಿಸುವವರು ಯಾರೂ ಇರಲಿಲ್ಲ.

ಅದೇ ಪ್ಲಗ್ಗಿಗೆ ಟೇಬಲ್ ಫ್ಯಾನು ಚುಚ್ಚಿದೆವು, ತಿರುಗಿತು.
ಬೆನ್ನ ಹಿಂದಿನ ಪುಟ್ಟ ಸ್ವಿಚ್ಚು
ಸೊನ್ನೆಯ ಕಡೆಗಿಲ್ಲ, ಗೆರೆಯ ಕಡೆಗೇ ಇದೆ.
ಪಕ್ಕದ ತಗಡು ಬಿಚ್ಚಿದರೆ
ಬೋರ್ಡಿನ ಮೂಲೆಯಲ್ಲೊಂದು ಹಸಿರು ದೀಪ,
ಸಾಸಿವೆಯಷ್ಟು, ಉರಿಯುತ್ತಿತ್ತು.
ಜೀವ ಇದೆ, ಅಂದಳು ಜುಲೇಖಾ,
ಪಿಸುಮಾತಿನಲ್ಲಿ, ಯಾಕೋ.

ರ‍್ಯಾಮ್ ಕಿತ್ತು, ಊದಿ, ಮತ್ತೆ ಕೂರಿಸಿದಳು
ಎರಡೂ ಕಿವಿ ಟಕ್ಕೆನ್ನುವ ಹಾಗೆ.
ಪ್ರೊಸೆಸರಿನ ಎಂಟು ಕಾಲಿನ ವೈರು ಅದುಮಿದಳು.
ಬ್ಯಾಟರಿ ತೆಗೆದು ನೂರು ಎಣಿಸಿ ಹಾಕಿದಳು.
ಮುಂಬಾಗಿಲ ಗುಂಡಿಯ ತೆಳು ವೈರುಗಳ ಜಾಗ
ಪುಸ್ತಕದಲ್ಲಿ ಸೊಳ್ಳೆಗಾಲಿನಷ್ಟು ಅಕ್ಷರದಲ್ಲಿತ್ತು;
ಅದು ನನ್ನ ಕೆಲಸ.
ಪಂಚಾಯ್ತಿ ಮೊಹರು, ಸೊಸೈಟಿ ಮೊಹರು,
ಇಪ್ಪತ್ತೆರಡು ವರ್ಷ ಕನ್ನಡವನ್ನು ಹಿಂದುಮುಂದಾಗಿ
ರಬ್ಬರಿನ ಮೇಲೆ ಕೊರೆದ ಕಣ್ಣು ನನ್ನದು.
ಭೂತಗನ್ನಡಿ ಹಿಡಿದು ನೋಡಿದೆ. ಸರಿಯಾಗೇ ಇತ್ತು.
ಆದರೂ ಮಗುಚಿ ಚುಚ್ಚಿ ನೋಡಿದೆ.
ಕೊನೆಗೆ ಒಂದು ಸ್ಕ್ರೂ ಮಿಕ್ಕಿತು.

ಮಿಕ್ಕ ಸ್ಕ್ರೂ ನೋಡುತ್ತ ಜಗಳವಾಡಿದೆವು.
ಬಿಗಿ ಮಾಡಿದ್ದು ನೀನು, ಪಾರ್ಸೆಲ್ಲು ಬೀಳಿಸಿದ್ದು ನೀನು,
ಕಂತಿನಲ್ಲಿ ಹೊಸದೇ ತರೋಣ ಅಂದಿದ್ದು ನಾನು,
ಅಲ್ಲ, ನಾನು.
ಒಂದು ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ:
ಹಾಸನದ ಅಂಗಡಿಯಲ್ಲಿ ಚೌಕಾಸಿಗೆ ನಿಂತು
ಆರುನೂರು ಕಮ್ಮಿಯ ಕ್ಯಾಬಿನೆಟ್ಟು ಆರಿಸಿದ್ದು ಯಾರು ಎಂದು.

ಪಕ್ಕದ ಮೋಟರ್ ಸುತ್ತುವ ಸೀಬಯ್ಯ
ವಾರ್ನಿಷು ಕೈ ಒರೆಸಿಕೊಳ್ಳುತ್ತ ಬಂದು ಇಣುಕಿದ.
ಇದರ ಸುರುಳಿ ಎಲ್ಲೈತೆ ಅಂದ.
ಇಲ್ಲ ಅಂದೆವು.
ಸ್ವಲ್ಪ ಹೊತ್ತು ಬೀಡಿ ಹುಡುಕಿದ.
‘ಮೋಟರು ಓಡ್ದೆ ಇದ್ರೆ ಜನ ಬಾವಿಯಿಂದ ಎತ್ಕಂಡು
ಟ್ರ್ಯಾಕ್ಟರಲ್ಲಿ ಹಾಕ್ಕಂಡ್ ಬತ್ತಾರೆ ಕಣವ್ವ.
ನಾನು ಕೇಳದು ಒಂದೇಯ,
ಸ್ಟಾರ್ಟರ್ ನೋಡಿದ್ರಾ?’

ಜುಲೇಖಾ ನನ್ನನ್ನು ನೋಡಿದಳು.
ಗುಂಡಿಯ ವೈರು ಕಿತ್ತೆಸೆದು
ಬರಿಯ ಎರಡು ಪಿನ್ನುಗಳ ನಡುವೆ
ಸೀಬಯ್ಯನ ಟೆಸ್ಟರಿನ ತುದಿಯನ್ನು
ನೊಣ ಕೂತಷ್ಟು ಹೊತ್ತು ಮುಟ್ಟಿಸಿದಳು.

ಮೊದಲು ದೊಡ್ಡ ಫ್ಯಾನು ಬೆಚ್ಚಿತು.
ಆಮೇಲೆ ಚಿಕ್ಕದು.
ಪರದೆಯ ಮೇಲೆ ಬಿಳಿ ಅಕ್ಷರ ಬಂದು
ಹಾರ್ಡ್‌ಡಿಸ್ಕ್ ಕಾಣಿಸುತ್ತಿಲ್ಲ ಎಂದು ದೂರಿತು.
ಆ ದೂರಿನಷ್ಟು ಸಿಹಿಯಾದ ಮಾತನ್ನು
ನಮಗೆ ಈ ವರ್ಷ ಯಾರೂ ಆಡಿರಲಿಲ್ಲ.

ಕ್ಯಾಬಿನೆಟ್ಟಿನ ಗುಂಡಿ ಹುಟ್ಟುತ್ತಲೇ ಸತ್ತದ್ದು.
ವಾಪಸು ಮಾಡಲು ಹಾಸನಕ್ಕೆ ಹೋಗಿಬರುವ ಬಸ್ ಚಾರ್ಜು,
ಒಂದು ದಿನದ ಜೆರಾಕ್ಸು, ಎಲ್ಲ ಕೂಡಿ ನೋಡಿ
ಸೀಬಯ್ಯನಿಂದಲೇ ಒಂದು ಕಾಲಿಂಗ್ ಬೆಲ್ ಸ್ವಿಚ್ಚು,
ಮೂವತ್ತೈದು ರೂಪಾಯಿ,
ಉದ್ದದ ವೈರೆಳೆದು ಕೌಂಟರಿನ ಅಂಚಿಗೆ ಕೂರಿಸಿದೆವು.
ಮಿಕ್ಕ ಸ್ಕ್ರೂ ಮೊಹರಿನ ಮಸಿಡಬ್ಬಿಯಲ್ಲಿದೆ,
ಯಾವುದರದ್ದೋ ಈವರೆಗೆ ತಿಳಿದಿಲ್ಲ.

ಈಗ ಒಂದೇ ತೊಂದರೆ.
ಸ್ವಿಚ್ಚಿನ ಮೇಲೆ ಗಂಟೆಯ ಚಿತ್ರ ಇದೆ.
ನಾವು ಒಳಗೆ ಊಟಕ್ಕೆ ಕೂತಾಗ
ಯಾರೋ ಆಧಾರ್ ಪ್ರತಿಗೆ ಬಂದವರು ಒತ್ತುತ್ತಾರೆ.
ಅರ್ಧ ಮಾಡಿದ ಗೃಹಪ್ರವೇಶದ ಕಾರ್ಡು,
‘ತಮ್ಮ ಆಗಮನವನ್ನು’ ಎಂಬಲ್ಲಿಗೆ ಬಂದದ್ದು,
ನಿಟ್ಟುಸಿರಿಟ್ಟು ಆರಿಹೋಗುತ್ತದೆ.
ಇದು ಬೆಲ್ ಅಲ್ಲ ಎಂದು ಮೊಹರು ಕೊರೆದು ಒತ್ತಿದ್ದೇನೆ.
ಓದುತ್ತಾರೆ.
ಓದಿ, ನಿಜವೇ ಎಂದು ಒತ್ತಿ ನೋಡುತ್ತಾರೆ.