ಅಡ್ಡಗೋಡೆಯ ಮೇಲೆ

ತಾರ್ತು ಊರಲ್ಲಿ ಡಿಸೆಂಬರಿನ ಗುರುವಾರ,
ಮಧ್ಯಾಹ್ನ ಮೂರೂವರೆಗೇ ಕತ್ತಲೆ.
ಕೆಳಗೆ ಸೈಕಲ್ ರಿಪೇರಿ ಅಂಗಡಿ, ಮೇಲಿನ ಕೋಣೆಯಲ್ಲಿ ನಾವು:
ಹೆಲ್ಯೆ, ಉರ್ಮಾಸ್, ನಾನು.
ಇರುವುದೊಂದು ಹೀಟರು,
ಅದೂ ಉರ್ಮಾಸನ ಕಡೆ ಮುಖ ಮಾಡಿದ್ದು.

ಪ್ರಶ್ನೆ ಸಣ್ಣದು.
ನಮ್ಮ ಸಂಗ್ರಹದಲ್ಲಿ ಹನ್ನೊಂದು ಸಾವಿರ ಪ್ಯಾಕೇಜು,
ಅವಕ್ಕೆ ನಲವತ್ತು ಖಾನೆ.
ಹೊಸದಾಗಿ ಬಂದ ಮೀಡಿಯಾ ಸರ್ವರೊಂದು
ಬೂಟು ಕಳಚಿ ಬಾಗಿಲಲ್ಲೇ ನಿಂತಿದೆ,
ಯಾವ ಕೋಣೆಗೆ ಹೋಗಲಿ ಎಂದು.

ಜಾಲದ ಖಾನೆಗೆ, ಎಂದ ಉರ್ಮಾಸ್.
ಅದು ಹಾಡುವುದಿಲ್ಲ, ಕುಣಿಯುವುದಿಲ್ಲ,
ಕೇಳಿದವರ ಮನೆಗೆ ಕೇಳಿದ್ದನ್ನು ಮುಟ್ಟಿಸುತ್ತದೆ, ಅಷ್ಟೆ.
ಅಂಚೆಯವನ ಚೀಲದಲ್ಲಿ ಪ್ರೇಮಪತ್ರ ಸಿಕ್ಕಿತೆಂದು
ಅವನನ್ನೇ ಪ್ರೇಮಿ ಅನ್ನುತ್ತೀರಾ?

ಹೆಲ್ಯೆ ಶಾಲೆಯ ಲೈಬ್ರರಿಯವಳು.
ಮೂವತ್ತು ವರ್ಷ ಪುಸ್ತಕದ ಬೆನ್ನಿಗೆ ಅಂಕಿ ಅಂಟಿಸಿದ ಬೆರಳಿಂದ
ಮೇಜು ಕುಟ್ಟಿದಳು:
ಈ ಕಾಲದಲ್ಲಿ ಜಾಲವಲ್ಲದ್ದು ಯಾವುದಪ್ಪಾ?
ಗಡಿಯಾರ ಕೂಡ ಹೊತ್ತೆಷ್ಟೆಂದು ಜಾಲವನ್ನೇ ಕೇಳುತ್ತದೆ.
ನೀರು ಕೊಳವೆಯಲ್ಲಿ ಬಂತೆಂದು
ಸೂಪನ್ನು ನಲ್ಲಿ ಮಾರುವ ಅಂಗಡಿಯಲ್ಲಿ ಹುಡುಕುತ್ತೀಯಾ?
ಅದರ ಹೊಟ್ಟೆಯಲ್ಲಿರುವುದು ಹಾಡು, ಸಿನಿಮಾ,
ಯಾರದೋ ಮದುವೆಯ ಫೋಟೊ.
ಬಹುಮಾಧ್ಯಮದಲ್ಲಿಡು.

ಅದೊಂದು ಖಾನೆಯೇ! ಎಲ್ಲೂ ಸಲ್ಲದವರು
ಬಂದು ಮಲಗುವ ಛತ್ರ, ಎಂದ ಅವನು.
ಪಿಯಾನೊ ಶ್ರುತಿ ನೋಡುವುದರ ಪಕ್ಕ ಸಿಡಿ ಬರೆಯುವುದು,
ಸಿಡಿಗಳೇ ಇಲ್ಲದ ಕಾಲದಲ್ಲಿ.

ಹೊಸ ಖಾನೆ ತೆರೆದರೆ? ಎಂದೆ.
ಇಬ್ಬರೂ ಒಟ್ಟಿಗೆ ನಕ್ಕರು.
ಆ ಸಂಜೆ ಅವರು ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ.
ನೀನು ಯಾವತ್ತೂ ಅಡ್ಡಗೋಡೆ ಮೇಲೆ ದೀಪ ಇಡುವವನು,
ಎಂದಳು ಹೆಲ್ಯೆ.

ಬಯ್ದದ್ದು ನನ್ನನ್ನು.
ನಾನು ಯೋಚಿಸಿದ್ದು ದೀಪವನ್ನು.
ಈ ಕಡೆ ಒಬ್ಬಳು ಸೂಜಿಗೆ ದಾರ ಪೋಣಿಸುತ್ತಾಳೆ,
ಆ ಕಡೆ ಒಬ್ಬ ಹಾಸಿಗೆ ಕೊಡವುತ್ತಾನೆ,
ನಡುವೆ ಒಂದೇ ಬತ್ತಿ.
ಅದು ಯಾವ ಕೋಣೆಯ ಸಾಮಾನು?

ಅಷ್ಟರಲ್ಲಿ ಕೆಳಗಿನ ರೈವೊ ಮೇಲೆ ಬಂದ,
ಕೈತುಂಬ ಗ್ರೀಸು, ನಮ್ಮ ಕೆಟಲಿನಿಂದ ಅವನ ಫ್ಯೂಸು ಹಾರಿತ್ತು.
ಅವನನ್ನೇ ಕೇಳಿದೆವು.
ನಮ್ಮ ಮನೇಲಿದೆಯಲ್ಲ ಅದು, ಎಂದ.
ನಮ್ಮತ್ತೆ ಓಬಿನಿತ್ಸದಲ್ಲಿ ಹಾಡಿದ್ದೆಲ್ಲ ಅದರಲ್ಲೇ.
ಅಡುಗೆಮನೆಯಲ್ಲಿ ಪಲ್ಲವಿ ಶುರುವಾದರೆ
ಕೊನೆಯ ಸಾಲಿಗೆ ನಾನು ಸೌನಾದಲ್ಲಿರುತ್ತೇನೆ.
ಆಕೆ ಹೋಗಿ ನಾಲ್ಕು ವರ್ಷ. ದನಿ ಮಾತ್ರ
ಕೋಣೆಯಿಂದ ಕೋಣೆಗೆ ಓಡಾಡಿಕೊಂಡಿದೆ.

ಯಾವ ಖಾನೆಯಲ್ಲಿ ಹುಡುಕಿದೆ?
ಖಾನೆಯಾ?
ಪಕ್ಕದ ಮನೆ ಹುಡುಗಿ ಹೆಸರು ಹೇಳಿದಳು.
ಬರೆದೆ. ಬಂತು.

ಫ್ಯೂಸು ಹಾಕಲು ಅವನು ಇಳಿದು ಹೋದ.
ಹನ್ನೆರಡು ವರ್ಷದ ನಮ್ಮ ನಲವತ್ತು ಖಾನೆಗಳು
ಕತ್ತಲಲ್ಲಿ ಹಾಗೇ ಕೂತಿದ್ದವು.

ಮೊದಲು ಮಾತಾಡಿದವಳು ಹೆಲ್ಯೆ, ಮೆಲ್ಲಗೆ.
ಹೆಸರು ಬಲ್ಲವರಿಗೆ ಖಾನೆ ಬೇಡ.
ಹೆಸರು ಗೊತ್ತಿಲ್ಲದೆ ಬರುತ್ತಾರಲ್ಲ, ಅವರಿಗೆ ಬೇಕು.
ನಮ್ಮ ಶಾಲೆಯ ಹುಡುಗರು ಕೇಳುವುದೇ ಹಾಗೆ:
ನೀಲಿ ಪುಸ್ತಕ, ಅದರಲ್ಲೊಂದು ನಾಯಿ ಕಳೆದುಹೋಗುತ್ತೆ,
ಆಮೇಲೆ ಸಿಗುತ್ತೆ.
ಆ ಹುಡುಗ ಮೊದಲು ಯಾವ ಕಪಾಟಿನ ಮುಂದೆ ನಿಲ್ಲುತ್ತಾನೋ
ಅಲ್ಲಿಡಬೇಕು.

ದೀಪ ಬಂತು.
ಉರ್ಮಾಸ್ ಏನೂ ಹೇಳಲಿಲ್ಲ,
ಹೀಟರನ್ನು ಕಾಲಿನಿಂದ ತುಸು ನಮ್ಮತ್ತ ತಿರುಗಿಸಿದ.
ಬಹುಮಾಧ್ಯಮ, ಎಂದು ಬರೆದುಕೊಂಡೆ.
ವಿವರಣೆಯ ಸಾಲಿನಲ್ಲಿ ಜಾಲ ಎಂಬ ಪದವನ್ನು
ಅವನೇ ಸೇರಿಸಿದ, ಎರಡು ಸಲ.
ನಾವು ನೋಡಿಯೂ ನೋಡದಂತಿದ್ದೆವು.

ಸೇತುವೆ ದಾಟಿ ಮನೆಗೆ ಬಂದೆ.
ಹೊಳೆ ಅಂಚಿನಲ್ಲಿ ಹೆಪ್ಪುಗಟ್ಟಿತ್ತು, ನಡುವೆ ಹರಿಯುತ್ತಿತ್ತು.
ಹಾಲಿನ ಪೊಟ್ಟಣ ಕತ್ತರಿಸಬೇಕಿತ್ತು.
ನನ್ನ ಮನೆಯಲ್ಲಿ ಕತ್ತರಿ ಇರುವುದು ಬ್ರೆಡ್ಡಿನ ಡಬ್ಬಿಯಲ್ಲಿ.
ಯಾಕೆಂದು ಕೇಳಬೇಡಿ.
ದೀಪ ಹಾಕದೆಯೂ ಕೈಗೆ ಸಿಗುತ್ತದೆ.